ಹಗೇವಿನ ಮೇಲಿನ ಖೋಲಿ

ಫಕ್ಕೀರಪ್ಪ ಕಾಕಾ ಮುಚ್ಚಿದ ಯಾವ ಜಾಗಕ್ಕೂ ಮೊದಲು ಕಾಲಿಟ್ಟವರಲ್ಲ. ಮೊದಲು ಅವರ ಕಂದೀಲು ಹೋಗಬೇಕು. ನವಲಗುಂದದ ಹತ್ತಿರದ ಆ ಊರಲ್ಲಿ, ನೆಲದೊಳಗೆ ಜೋಳ ತುಂಬಿಡುವ ಹಗೇವು ತೆಗೆಯಲು ಎಲ್ಲರೂ ಅವರನ್ನೇ ಕರೆಯುತ್ತಿದ್ದರು. ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ ಕಂದೀಲು ಆರಿತೆಂದರೆ ಒಳಗೆ ಕೆಟ್ಟ ಗಾಳಿ ತುಂಬಿದೆಯೆಂದು ಅರ್ಥ; ಆ ದಿನ ಯಾರೂ ಇಳಿಯುವಂತಿಲ್ಲ. "ಮಂದಿ ಸುಳ್ಳ ಹೇಳ್ತಾರ, ದೀಪ ಹೇಳೂದಿಲ್ಲ," ಎನ್ನುತ್ತಿದ್ದರು. ಅವರ ಕೈಯಲ್ಲಿ ಒಂದು ಜೀವವೂ ಹೋಗಿರಲಿಲ್ಲ. ಆ ಜಂಬವೂ ಬೇಕಾದಷ್ಟಿತ್ತು.

ನಾನು ಅಲ್ಲಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ರೇಡಾನ್ ಅನಿಲ ಅಳೆಯುವವರು ಕೊಟ್ಟ ಪುಟ್ಟ ಡಬ್ಬಿಗಳನ್ನು ಹತ್ತಾರು ಮನೆಗಳಲ್ಲಿ ಮೂರು ತಿಂಗಳು ತೂಗುಹಾಕಿದ್ದೆ. ಎಲ್ಲಕ್ಕಿಂತ ಹೆಚ್ಚು ಬಂದದ್ದು ಕಾಕಾನ ಮನೆಯ ಹಿಂದಿನ ಖೋಲಿಯಲ್ಲಿ. ಹಳೆಯ ಹಗೇವಿನ ಮೇಲೆ ಫರಸಿ ಕಲ್ಲು ಹಾಸಿ ಅವರೇ ಕಟ್ಟಿಸಿದ, ಕಿಟಕಿಯಿಲ್ಲದ ಖೋಲಿ. ಎಸ್ಸೆಸ್ಸೆಲ್ಸಿ ಮೊಮ್ಮಗಳು ಭಾಗ್ಯ ಬಾಗಿಲು ಹಾಕಿಕೊಂಡು ಅಲ್ಲೇ ಓದುತ್ತಿದ್ದಳು, ಅಲ್ಲೇ ಮಲಗುತ್ತಿದ್ದಳು.

ಹೇಳಿದ್ದೇ ತಡ, ಕಾಕಾ ಕಂದೀಲು ಹಚ್ಚಿ ಖೋಲಿಯ ನಡುವೆ ಇಟ್ಟರು.

"ನೋಡ್ರಿ ಅಕ್ಕಾರ, ಅಗದಿ ಚಲೋ ಉರೀತೈತಿ. ನಿಮ್ಮ ಡಬ್ಬಿಗೆ ಹುಚ್ಚ ಹಿಡದೈತಿ."

"ಹಗೇವಿನ ಗಾಳಿ ಬ್ಯಾರೆ ಕಾಕಾ. ಅದು ದೀಪಾನೂ ಆರಸ್ತೈತಿ, ಮನಷ್ಯಾನ್ನೂ ಅಲ್ಲೇ ಕೆಡವತೈತಿ. ಇದಕ್ಕ ವಾಸನಿ ಇಲ್ಲ, ಬಣ್ಣ ಇಲ್ಲ, ದೀಪಕ್ಕ ಏನೂ ಮಾಡೂದಿಲ್ಲ. ವರ್ಷಾನುಗಟ್ಟಲೆ ಒಳಗ ಹೋದ್ರ ಶ್ವಾಸಕೋಶಕ್ಕ ಕ್ಯಾನ್ಸರ್ ಬರಬಹುದು. ಬೀಡಿ ಸೇದೂವರಿಗೆ ಇನ್ನೂ ಜಾಸ್ತಿ." ಕೊನೆಯ ಮಾತನ್ನು ಅವರ ಕಿವಿಯ ಮೇಲಿನ ಬೀಡಿ ನೋಡಿಯೇ ಹೇಳಿದೆ.

"ಎಲ್ಲಿಂದ ಬರ್ತೈತ್ರಿ?"

"ನೆಲದ ತಳದ ಕಲ್ಲು ಮಣ್ಣಿನಿಂದ. ಫರಸಿ ಸಂದಿಯಿಂದ ಒಳಗ ಬಂದು, ಮುಚ್ಚಿದ ಖೋಲ್ಯಾಗ ಉಳೀತೈತಿ."

ಕಾಕಾ ಸಂದಿಗಳನ್ನೇ ನೋಡುತ್ತ ಕುಳಿತರು. "ಊರ ಮಂದೀನ್ನೆಲ್ಲ ಕಾದೆ. ನಮ್ಮ ಕೂಸಿನ್ನ ನಾನ ಹಗೇವಿನ ಬಾಯಿ ಮ್ಯಾಲೆ ಮಲಗಿಸಿದ್ನಲ್ಲ," ಎಂದರು.

ಮರುದಿನವೇ ಗೋಡೆ ಒಡೆಸಿ ಎರಡು ಕಿಟಕಿ ಇಡಿಸಿದರು. ಸಂದಿಗಳಿಗೆಲ್ಲ ಸಿಮೆಂಟು ತುಂಬಿಸಿ, ಹಗೇವಿನಿಂದ ಪೈಪು ಎತ್ತಿ, ಅದಕ್ಕೊಂದು ಫ್ಯಾನು ಹಚ್ಚಿ ಮಾಳಿಗೆಯ ಮೇಲಕ್ಕೆ ಬಿಟ್ಟರು. ಮತ್ತೆ ಅಳೆದಾಗ ರೇಡಾನ್ ಸಾಕಷ್ಟು ಇಳಿದಿತ್ತು. ಕಾಕಾ ಸಿಹಿಗೆ ಮಾದಲಿ ಮಾಡಿಸಿ ನನ್ನನ್ನು ಊಟಕ್ಕೆ ಕರೆದರು. ಬೀಡಿ ಮಾತ್ರ ಬಿಡಲಿಲ್ಲ. ಹೊರಗಿನ ಕಟ್ಟೆಗೆ ಹೋಗಿ ಸೇದುತ್ತಿದ್ದರು, ಪುಣ್ಯಾತ್ಮ.

ನನಗೆ ಕಲಘಟಗಿಗೆ ವರ್ಗವಾಯಿತು. ಬಸ್ಸಿನವರೆಗೆ ಬಂದ ಕಾಕಾ ಕೇಳಿದರು: "ಅಕ್ಕಾರ, ನಿಮ್ಮ ಮನ್ಯಾಗ ಎಷ್ಟ ಬಂದಿತ್ರಿ?"

ನಾನು ಪೆಚ್ಚಾದೆ. ಊರವರ ಮನೆಗಳಲ್ಲೆಲ್ಲ ಡಬ್ಬಿ ತೂಗುಹಾಕಿದವಳು ನನ್ನ ಮನೆಯಲ್ಲೇ ಹಾಕಿರಲಿಲ್ಲ. "ಹೊಸ ಮನ್ಯಾಗ ಹಾಕ್ತೀನಿ ಕಾಕಾ."

"ಹಾಕ್ರಿ. ಎಷ್ಟ ಬಂತು ಅಂತ ಫೋನ್ ಮಾಡ್ರಿ. ನಮಗೂ ಚಿಂತಿ ಇರ್ತೈತಿ."

ಹೋದ ವಾರ ಹೊಸ ಮನೆಯ ಡಬ್ಬಿಯ ಫಲಿತಾಂಶ ಬಂತು; ಭಯವೇನಿಲ್ಲ. ಖುಷಿಯಿಂದ ಫೋನ್ ಮಾಡಿದೆ. ಎತ್ತಿದವಳು ಭಾಗ್ಯ. ಕಾಕಾ ಮಲಗಿದಲ್ಲೇ ತೀರಿಕೊಂಡು ಹನ್ನೊಂದು ದಿನವಾಗಿತ್ತು.

"ದಿನಾ ಕೇಳ್ತಿದ್ದರ್ರಿ ನಮ್ಮ ಅಜ್ಜ," ಎಂದಳು. "ಅಕ್ಕಾರ ಫೋನ್ ಬಂತೇನವಾ, ಅಂತ."