ಏಣಿ ಯಾವ ಕಡೆಗಿತ್ತು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅಕ್ಕ ನನ್ನನ್ನು ಆ ಆಟಕ್ಕೆ ಕರೆದದ್ದು ಆಷಾಢದಲ್ಲೋ ಶ್ರಾವಣದಲ್ಲೋ ನನಗೆ ಖಚಿತವಿಲ್ಲ. ದಿನಚರಿ ಬರೆಯುವ ಅಭ್ಯಾಸವಿದ್ದೂ ಆ ದಿನದ ಪುಟದಲ್ಲಿ ನಾನು ಬರೆದಿರುವುದು ‘ಅಕ್ಕನ ಫೋನ್. ಏನೋ ಆಟ’ ಎಂದಷ್ಟೇ. ಆ ಏನೋ ಆಟ ಮುಂದೆ ನನ್ನ ಸಂಜೆಗಳನ್ನೆಲ್ಲ ತೆಗೆದುಕೊಳ್ಳುತ್ತದೆ ಎಂದು ಗೊತ್ತಿದ್ದರೆ ಇನ್ನೆರಡು ಸಾಲು ಬರೆದಿರುತ್ತಿದ್ದೆ.

ಅಕ್ಕ ಇರುವುದು ಮಾದಿಹಳ್ಳಿಯಲ್ಲಿ. ಗದ್ದೆ, ಒಂದಷ್ಟು ತೆಂಗು, ಎರಡು ಹಸು, ಒಂದು ಎಮ್ಮೆ. ನಾನು ಅರಸೀಕೆರೆಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮಿಬ್ಬರ ತವರು ಕಣಕಟ್ಟೆ. ಹಳೇಬೀಡಿನಲ್ಲಿ ಬಸ್ಸು ಬದಲಾಯಿಸಿದರೆ ಅವಳ ಮನೆ ಅಂಥ ದೂರವೇನಲ್ಲ. ಆದರೂ ವರ್ಷಕ್ಕೆ ಎರಡು ಮೂರು ಸಲ ನೋಡಿಕೊಂಡರೆ ಹೆಚ್ಚು ಎಂಬಂತೆ ಬದುಕುತ್ತಿದ್ದೆವು. ಅವಳ ಮಗಳು ಹಾಸ್ಟೆಲಿಗೆ ಹೊರಡುವ ಮುಂಚೆ ಅಮ್ಮನ ಫೋನಿಗೆ ಈ ಆಟ ಹಾಕಿ, ಕಲಿಸಿ ಹೋಗಿದ್ದಳಂತೆ. ಯಾರದೂ ಅಲ್ಲದ ಒಂದು ದೊಡ್ಡ ನೆಲ. ಅಲ್ಲಿ ಬರಿಗೈಯಲ್ಲಿ ಇಳಿಯಬೇಕು. ಕಲ್ಲು ಕಡ್ಡಿ ಆಯ್ದು ಕೊಡಲಿ ಮಾಡಿಕೊಳ್ಳಬೇಕು, ಮರ ಕಡಿಯಬೇಕು, ಮನೆ ಕಟ್ಟಬೇಕು, ಬೆಳೆ ಇಡಬೇಕು. ಅದೇ ನೆಲದಲ್ಲಿ ಎಲ್ಲೆಲ್ಲಿಂದಲೋ ಬಂದ ನೂರಾರು ಜನ ಅದನ್ನೇ ಮಾಡುತ್ತಿರುತ್ತಾರೆ. ಗೆಲ್ಲುವುದು ಅಂತ ಒಂದಿಲ್ಲ. ಉಳಿದುಕೊಳ್ಳಬೇಕು, ಅಷ್ಟೇ.

ಮೊದಲ ದಿನ ನಾನು ಮೂರು ಸಲ ಸತ್ತೆ. ಆಡುತ್ತ ಆಡುತ್ತ ಮಾತಾಡುವ ಅನುಕೂಲ ಅದರಲ್ಲಿತ್ತು. ಅಕ್ಕನ ದನಿ ಕಿವಿಯಲ್ಲೇ ಇತ್ತು.

“ಏನೇ, ಬಂದ ತಕ್ಷಣ ಮರ ಕಡಿಯಾಕೆ ನಿಂತ್ಕಂಡೆ? ಮೊದ್ಲು ನೀರು ಎಲ್ಲೈತೆ ನೋಡು.”

“ಕೊಡಲಿ ಆಯ್ತಲ್ಲ ಅಂತ...”

“ಕೊಡಲಿ ಇದ್ರೆ ಬಾಯಾರಿಕೆ ಹೋಯ್ತದಾ? ಅದೇನು ಎಂಎ ಓದ್ದೆಯೋ ಕಾಣೆ.”

ಎರಡನೆಯ ಸಲ ಸತ್ತದ್ದು ಕಂಡ ಕೆಂಪು ಹಣ್ಣನ್ನೆಲ್ಲ ತಿಂದು. ಮೂರನೆಯದು ಆಸೆಬುರುಕತನದಿಂದ. ಸಿಕ್ಕಿದ ಕಲ್ಲನ್ನೆಲ್ಲ ಹೊತ್ತುಕೊಂಡಿದ್ದೆ, ತೋಳ ಬಂದಾಗ ಓಡಲಾಗಲಿಲ್ಲ. “ಹೊರೆ ಇಳ್ಸೇ, ಇಳ್ಸು, ಕಲ್ಲು ಎಲ್ಲಿಗೂ ಓಡೋಗಲ್ಲ, ನೀನು ಓಡು!” ಎಂದು ಅಕ್ಕ ಕೂಗುತ್ತಿದ್ದಳು. ಆ ಕಡೆಯಿಂದ ಭಾವನ ದನಿಯೂ ಕೇಳಿಸಿತು: “ಅಕ್ಕ ತಂಗೀರಿಬ್ರೂ ಎಲ್ಲಿ ಕಣ್ರೀ ಸೈಟು ತಗಂಡಿರೋದು?”

ಅವಳು ಹೇಳಿದ್ದನ್ನೆಲ್ಲ ನಾನು ದಿನಚರಿಯ ಹಿಂದಿನ ಪುಟಗಳಲ್ಲಿ ಬರೆದುಕೊಳ್ಳತೊಡಗಿದೆ. ಕತ್ತಲಾಗುವ ಮುಂಚೆ ತಲೆಯ ಮೇಲೊಂದು ಸೂರು ಇರಬೇಕು, ಚೆನ್ನಾಗಿಲ್ಲದಿದ್ದರೂ ಸರಿ. ಬೇಲಿ ಹಾಕದೆ ಬಿತ್ತಬಾರದು. ಸತ್ತರೆ ಗಾಬರಿ ಬೇಡ, ಸತ್ತ ಜಾಗಕ್ಕೆ ಬೇಗ ವಾಪಸು ಹೋದರೆ ನಿನ್ನ ಗಂಟು ಅಲ್ಲೇ ಬಿದ್ದಿರುತ್ತದೆ. ಪಕ್ಕದ ಬೇಲಿಯವರ ಭಾಷೆ ಗೊತ್ತಿಲ್ಲದಿದ್ದರೂ ಅವರ ಬಾಗಿಲಲ್ಲಿ ಏನಾದರೂ ಇಟ್ಟು ಬಾ. ಈ ಕೊನೆಯದನ್ನು ಅವಳು ತನ್ನ ಕೇರಿಯಲ್ಲಿ ಮಾಡುವಂತೆಯೇ ಮಾಡುತ್ತಿದ್ದಳು. ಬೆಳೆದ ಮೊದಲ ಕುಂಬಳಕಾಯಿ ಯಾವ ದೇಶದವನೋ ಒಬ್ಬನ ಬಾಗಿಲಿಗೆ ಹೋಯಿತು. ಮರುದಿನ ಅವನು ನಮ್ಮ ಬಾಗಿಲಲ್ಲಿ ಒಂದು ಕೋಳಿ ಬಿಟ್ಟುಹೋಗಿದ್ದ. “ನೋಡ್ದಾ, ನಮ್ಮೋರಲ್ದಿದ್ರೂ ಮರ್ಯಾದಸ್ಥ” ಎಂದಳು ಅಕ್ಕ, ಲಿಂಗಪೂಜೆಯ ಮನೆಯ ಬಾಗಿಲಿಗೇ ಕೋಳಿ ಬಂತಲ್ಲ ಎಂದು ನಗುತ್ತಲೇ.

ಎಲ್ಲಕ್ಕಿಂತ ಮುಖ್ಯವಾದ ಮಾತು ಒಲೆಯದು. ಕಟ್ಟಿದ ಮನೆಯ ಒಲೆಯನ್ನು ಹದಿನೈದು ದಿನಕ್ಕೊಮ್ಮೆಯಾದರೂ ಮನೆಯವರಲ್ಲಿ ಒಬ್ಬರು ಬಂದು ಹಚ್ಚಬೇಕು. ಇಲ್ಲದಿದ್ದರೆ ಗೋಡೆ ತಾನಾಗಿ ಕುಸಿಯುತ್ತದೆ, ನೆಲ ಯಾರು ಬೇಕಾದರೂ ತೆಗೆದುಕೊಳ್ಳಬಹುದು.

ಡೈರಿಗೆ ಹಾಲು ಹಾಕಿ ಬಂದು ಅವಳು ಏಳಕ್ಕೆ ಕೂರುತ್ತಿದ್ದಳು. ನಾನೂ ಏಳಕ್ಕೆ. ಒಂದು ಗಂಟೆ, ಅವಳು ಕಟ್ಟುವುದು, ನಾನು ಕಲ್ಲು ಹೊರುವುದು, ಮಧ್ಯೆ ಊರಿನ ಮಾತು. ಅಷ್ಟು ಮಾತನ್ನು ನಾವು ಕಣಕಟ್ಟೆಯಲ್ಲಿ ಒಂದೇ ಚಾಪೆಯಲ್ಲಿ ಮಲಗುತ್ತಿದ್ದಾಗಲೂ ಆಡಿರಲಿಲ್ಲ ಅನ್ನಿಸುತ್ತದೆ. ಆಡಿದ್ದೆವೇನೋ. ಈಗ ಅದು ಬೇಕಾಗಿರುವುದರಿಂದ ಹೆಚ್ಚಾಗಿ ಕಾಣುತ್ತಿರಬಹುದು.

ಗುಡಿಸಲು ಸಾಕಾಗಿ ದೊಡ್ಡ ಮನೆ ಕಟ್ಟುವ ಹೊತ್ತು ಬಂದಾಗ ಅಕ್ಕ ನನ್ನನ್ನು ಕೇಳಲೂ ಇಲ್ಲ. ಅಡಿಪಾಯ ಮುಗಿಯುವ ಹೊತ್ತಿಗೆ ನನಗೆ ಅರ್ಥವಾಯಿತು: ಅವಳು ಕಟ್ಟುತ್ತಿರುವುದು ಕಣಕಟ್ಟೆಯ ಮನೆ. ಆ ಮನೆ ಈಗಿಲ್ಲ. ಅಣ್ಣ ಅದನ್ನು ಕೆಡವಿ ತಾರಸಿ ಮನೆ ಕಟ್ಟಿಸಿ, ಕೊಬ್ಬರಿಗೆ ತೋಟದಲ್ಲೇ ಶೆಡ್ಡು ಹಾಕಿಸಿಕೊಂಡಿದ್ದಾನೆ. ಅವನನ್ನು ದೂರುವಂತಿಲ್ಲ, ಗೋಡೆ ಬಿರುಕು ಬಿಟ್ಟಿತ್ತು. ಹಳೆಯ ಮನೆಯ ಒಂದು ಫೋಟೋ ಕೂಡ ನಮ್ಮ ಹತ್ತಿರ ಇಲ್ಲ. ಇರುವ ಫೋಟೋಗಳಲ್ಲೆಲ್ಲ ಜನರ ಹಿಂದೆ ಒಂದು ಚೂರು ಗೋಡೆ.

ಪಡಸಾಲೆ, ದೇವರ ಮನೆ, ಅಡುಗೆಮನೆ. ಅಡುಗೆಮನೆಯ ಮೇಲೆ ಅಟ್ಟ. ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹರವಿ ವರ್ಷದ ಹತ್ತಿರ ಹಾಗೇ ಬಿಡುತ್ತಾರೆ. ಕೆಳಗಿನ ಒಲೆಯ ಕಾವು, ಹೊಗೆ ಹಲಗೆಗಳ ಸಂದಿಯಿಂದ ಮೇಲೇರಿ, ಕಾಯೊಳಗಿನ ನೀರು ನಿಧಾನಕ್ಕೆ ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಎತ್ತಿ ಅಲ್ಲಾಡಿಸಿದರೆ ಒಳಗೆ ಗಡಗಡ ಎನ್ನಬೇಕು. ಆಗ ಅದು ಉಂಡೆ ಕೊಬ್ಬರಿ.

ಆಟದ ನೆಲದಲ್ಲೂ ತೆಂಗಿನಮರ ಇದ್ದವು. ನಾವಿಬ್ಬರೂ ಎರಡು ವಾರ ಕಾಯಿ ಕಿತ್ತು, ಅಟ್ಟಕ್ಕೆ ಹೊತ್ತು, ಸಂದಿ ಬಿಟ್ಟು ಜೋಡಿಸಿ, ಕೆಳಗೆ ಒಲೆ ಹಚ್ಚಿ ಕಾದೆವು. ಆ ನೆಲದ ಬೇರೆಲ್ಲರೂ ಕಾಯನ್ನು ಒಡೆದು ತಿಂದು ಮುಂದೆ ಹೋಗುತ್ತಿದ್ದರು. ಒಂದು ಸಂಜೆ ಮೇಲೆ ಹತ್ತಿದ ಅಕ್ಕ ಕಿಟಾರನೆ ಕಿರುಚಿದಳು.

“ಎಲ್ಲಾ ಕೊಳೆತೋಗೈತೆ ಕಣೇ! ಒಂದೂ ಬಿಟ್ಟಿಲ್ಲ!”

“ಹೊಗೆ ಸಾಲದಾಯ್ತೇನೋ.”

“ಯಾವ ಹೊಗೇನೂ ಅಲ್ಲ. ಈ ಆಟ ಮಾಡಿರೋನು ಅಟ್ಟಾನೇ ನೋಡಿಲ್ಲ. ಕಾಯಿ ಅಂದ್ರೆ ಟೊಮೇಟೊ ಅನ್ಕಂಡವ್ನೆ.”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹೊಸಬರಿಗೆ ಕೊಡುವ ಎಚ್ಚರಿಕೆಗಳಲ್ಲಿ ಇದನ್ನೂ ಸೇರಿಸಬೇಕು ಎಂದೆ: ಅರಸೀಕೆರೆ ತಾಲ್ಲೂಕಿನವರು ಕಾಯಿ ಕೂಡಿಡಬಾರದು. ಆ ನಗುವನ್ನು ದಿನಚರಿಯಲ್ಲಿ ಪೂರ್ತಿ ಬರೆದಿದ್ದೇನೆ. ಬರೆದದ್ದು ಒಳ್ಳೆಯದಾಯಿತು. ಅದಾದ ಮೇಲೆ ಅಂಥದ್ದು ಇನ್ನೊಂದಿಲ್ಲ.

ಒಂದು ಭಾನುವಾರ ಅಕ್ಕ ಹಗರೆಯಲ್ಲಿ ಯಾರದೋ ಮದುವೆಗೆ ಹೋಗಿದ್ದಳು. ನಾನೊಬ್ಬಳೇ ಆಟಕ್ಕೆ ಇಳಿದು ಮನೆಯಲ್ಲಿ ಸುತ್ತಾಡುತ್ತಿದ್ದೆ. ಅಟ್ಟದ ಏಣಿಯನ್ನು ಅಕ್ಕ ಅಡುಗೆಮನೆಯ ಒಳಗೆ, ಬಾಗಿಲ ಪಕ್ಕದಲ್ಲಿ ನಿಲ್ಲಿಸಿದ್ದಳು. ಅದು ತಪ್ಪು ಅನ್ನಿಸಿತು. ನನ್ನ ನೆನಪಿನಲ್ಲಿ ಏಣಿ ಇದ್ದದ್ದು ಹೊರಗೆ, ಹಿತ್ತಿಲ ಕಡೆ, ಬಚ್ಚಲಿನ ಪಕ್ಕ. ತೋಟದಿಂದ ತಂದ ಕಾಯನ್ನು ಅಲ್ಲಿಂದಲೇ ಏರಿಸುತ್ತಿದ್ದರು. ಅವಳಿಗೆ ಸಂತೋಷವಾಗಲಿ ಎಂದು ಏಣಿ ಕಿತ್ತು ಹಿತ್ತಿಲಿಗೆ ಹಾಕಿದೆ. ಅವಳಿಗೆ ಸಂತೋಷವಾಗಲಿ ಎಂದೇ ಹಾಕಿದೆನೇ? ಆಗ ಹಾಗಂದುಕೊಂಡೆ.

ಸೋಮವಾರ ಏಳಕ್ಕೆ ಅವಳು ಬಂದಳು.

“ಏಣಿ ಯಾರು ತೆಗ್ದಿದ್ದು?”

“ನಾನೇ ಅಕ್ಕ. ಅದು ಹಿತ್ತಿಲ ಕಡೆ ಇತ್ತಲ್ವಾ?”

“ಹಿತ್ತಿಲ ಕಡೆನಾ?”

“ಹೂಂ. ನಂಗೆ ಚೆನ್ನಾಗಿ ಜ್ಞಾಪಕ ಇದೆ.”

ಆಟದೊಳಗಿನ ಅವಳ ಗೊಂಬೆ ಏಣಿಯ ಮುಂದೆ ಹೋಗಿ ನಿಂತಿತು.

“ನಿಂಗೆ ಚೆನ್ನಾಗಿ ಗ್ಯಾಪ್ಕ ಐತೆ” ಎಂದಳು. ಪ್ರಶ್ನೆ ಕೇಳಿದಂತಿರಲಿಲ್ಲ, ಸುಮ್ಮನೆ ನನ್ನ ಮಾತನ್ನು ನನಗೇ ವಾಪಸು ಕೊಟ್ಟಂತಿತ್ತು. “ಸರಿ ಬಿಡು. ಎಮ್ಮೆ ಕೂಗ್ತೈತೆ, ಬತ್ತೀನಿ.”

ಎಮ್ಮೆ ಕೂಗಿದ್ದು ನನಗೆ ಕೇಳಿಸಿರಲಿಲ್ಲ. ಅವತ್ತಿನಿಂದ ಅವಳು ಆಟಕ್ಕೆ ಬರಲಿಲ್ಲ.

ಅವಳು ಯಾಕೆ ಹೋದಳೆಂದು ತಿಳಿಯಲು ನನಗೆ ಒಂದು ವಾರ ಬೇಕಾಯಿತು. ಅಥವಾ ತಿಳಿದೂ ಒಪ್ಪಿಕೊಳ್ಳಲು.

ಅಕ್ಕ ಪಿಯುಸಿ ಪಾಸಾಗಿದ್ದ ವರ್ಷ. ಅರಸೀಕೆರೆಗೆ ಬಸ್ಸಿನಲ್ಲಿ ಓಡಾಡಿ ಡಿಗ್ರಿ ಓದುತ್ತೇನೆಂದು ಅರ್ಜಿ ತಂದಿಟ್ಟುಕೊಂಡಿದ್ದಳು. ನನಗಾಗ ಹದಿಮೂರು. ಮಾದಿಹಳ್ಳಿಯವರು ಹೆಣ್ಣು ನೋಡಲು ಬಂದರು. ಅವರು ಪಡಸಾಲೆಯಲ್ಲಿ ಕೂತು ನೀರು ಕುಡಿಯುವ ಹೊತ್ತಿಗೆ ಅಕ್ಕ ಕಾಣಿಸಲಿಲ್ಲ. ಅಟ್ಟ ಹತ್ತಿ ಕಾಯಿಗಳ ಹಿಂದೆ ಕೂತುಬಿಟ್ಟಿದ್ದಳು. ಅವರು ಬೇಸತ್ತು ಎದ್ದುಹೋಗಲಿ ಎಂದಿರಬೇಕು. ಸೋದರತ್ತೆ ಹುಡುಕುತ್ತ ಬಂದು, ಅಟ್ಟದಿಂದ ಇಳಿಸಿ, ಮುಖ ತೊಳೆಸಿ, ಸೀರೆ ಉಡಿಸಿದರು. ಆ ಮಾಘದಲ್ಲಿ ಮದುವೆಯಾಯಿತು. ಐದು ವರ್ಷದ ಮೇಲೆ ನನ್ನನ್ನು ಮೈಸೂರಿಗೆ ಓದಲು ಕಳಿಸಿದರು, ‘ದೊಡ್ಡೋಳು ಹೆಂಗೂ ಒಂದು ಕಡೆ ಸೇರ್ಕೊಂಡ್ಳಲ್ಲ’ ಎಂದು ಹೇಳಿಯೇ ಕಳಿಸಿದರು.

ಭಾವ ಒಳ್ಳೆಯವರು. ಅಕ್ಕ ಒಂದು ದಿನವೂ ಆ ಸಂಗತಿ ಎತ್ತಿದವಳಲ್ಲ. ಅವಳು ಅಟ್ಟದಲ್ಲಿದ್ದಾಳೆಂದು ಅತ್ತೆಗೆ ಯಾರು ಹೇಳಿದರು ಎಂಬ ಪ್ರಶ್ನೆ ನಮ್ಮಲ್ಲಿ ಹುಟ್ಟಲೇ ಇಲ್ಲ. ನನ್ನಲ್ಲಿ ಹುಟ್ಟದಿರಲು ಕಾರಣವಿತ್ತು. ನಾನು ಆಗ ಅಡುಗೆಮನೆಯಲ್ಲಿ ಈಳಿಗೆ ಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದೆ. ಏಣಿ ಹಿತ್ತಿಲಲ್ಲಿತ್ತು. ಹಾಗಾಗಿ ಅವಳು ಹತ್ತಿದ್ದನ್ನು ನಾನು ನೋಡಲು ಸಾಧ್ಯವೇ ಇರಲಿಲ್ಲ.

ಏಣಿ ಅಡುಗೆಮನೆಯಲ್ಲಿದ್ದರೆ ನೋಡಿರಲೇಬೇಕು.

ಹಳೆಯ ದಿನಚರಿ ಹುಡುಕಿದೆ. ಶಾಲೆಯ ನೋಟುಪುಸ್ತಕದ ಹಿಂಬದಿಯಲ್ಲಿ ಬರೆಯುತ್ತಿದ್ದ ಕಾಲ. ‘ಅಕ್ಕನನ್ನು ನೋಡಲು ಬಂದಿದ್ದರು. ಉಪ್ಪಿಟ್ಟು, ಕೇಸರಿಬಾತು. ಕೇಸರಿಬಾತು ಉಳಿಯಿತು.’ ಏಣಿಯ ಮಾತಿಲ್ಲ. ಅಣ್ಣನಿಗೆ ಫೋನ್ ಮಾಡಿ ಕೇಳಿದೆ. “ಯಾವ ಏಣಿ? ಒಂದ್ಕಡೆ ಅಂತ ಇರ್ತಿತ್ತಾ ಅದು, ಬೇಕಾದಲ್ಲಿಗೆ ಎತ್ಕಂಡು ಹೋಗ್ತಿದ್ವಪ್ಪ” ಎಂದ. ಆ ಉತ್ತರ ಹಿಡಿದು ಎರಡು ದಿನ ನೆಮ್ಮದಿಯಾಗಿದ್ದೆ.

ಒಲೆಯನ್ನು ಮಾತ್ರ ಬಿಡಲಿಲ್ಲ. ಹದಿನೈದು ದಿನ ಕಾಯದೆ ವಾರಕ್ಕೊಮ್ಮೆ ಹೋಗಿ ಹಚ್ಚಿ ಬರುತ್ತಿದ್ದೆ. ಸಂಜೆ ಏಳಾದರೆ ಈಗಲೂ ಫೋನು ಕೈಗೆ ಬರುತ್ತದೆ. ಅವಳ ಕಡೆಯ ಸದ್ದುಗಳು ನನಗೆ ಬೇಕು. ಹಾಲಿನ ಕ್ಯಾನು ತೊಳೆದು ಬೋರಲು ಹಾಕುವುದು, ಭಾವನ ಕೆಮ್ಮು, “ಅಲ್ಲಲ್ಲ ಕಣೇ, ಎಡಕ್ಕೆ” ಎನ್ನುವುದು. ಪಕ್ಕದ ಬೇಲಿಯವನು ನಮ್ಮ ಬಾಗಿಲಲ್ಲಿ ಇನ್ನೊಂದು ಕೋಳಿ ಬಿಟ್ಟಿದ್ದ. ಅದನ್ನು ಹೇಳಿಕೊಳ್ಳಲೂ ಯಾರಿರಲಿಲ್ಲ.

ಎರಡು ತಿಂಗಳ ಮೇಲೆ ಮಾದಿಹಳ್ಳಿಗೇ ಹೋದೆ. ಅಕ್ಕ ಎಂದಿನಂತೆಯೇ ಇದ್ದಳು. ರೊಟ್ಟಿ ತಟ್ಟಿದಳು, ಹುಚ್ಚೆಳ್ಳು ಚಟ್ನಿಪುಡಿ ಕಟ್ಟಿಕೊಟ್ಟಳು, ಗಬ್ಬದ ಹಸುವಿಗೆ ದಿನ ತುಂಬುತ್ತಿರುವ ಸುದ್ದಿ ಹೇಳಿದಳು. ಸಿಟ್ಟಿನ ಗುರುತು ಎಲ್ಲೂ ಇರಲಿಲ್ಲ, ಅದರಿಂದ ನನಗೆ ಇನ್ನೂ ಕಷ್ಟವಾಯಿತು. ಬಸ್‌ಸ್ಟಾಪಿನವರೆಗೆ ಜೊತೆಗೆ ಬಂದವಳು, ಬಸ್ಸು ದೂರದಲ್ಲಿ ಕಂಡಾಗ ಕೇಳಿದಳು:

“ಒಲೆ ಹಚ್ತಿದೀಯೇನೇ?”

“ಹೂಂ ಅಕ್ಕ. ನೀನೂ ಬಾ.”

“ನೋಡಾಣ. ನೀನು ಹಚ್ತಿರು.”

ಬಸ್ಸು ಬಂತು. ಕೇಳಬೇಕೆಂದು ಹೋದದ್ದನ್ನು ಕೇಳದೆ ಹತ್ತಿದೆ.

ಆ ಸಂಜೆ ಮನೆಗೆ ಬಂದವಳೇ ಆಟಕ್ಕೆ ಇಳಿದು, ಏಣಿಯನ್ನು ಕಿತ್ತು ಅಕ್ಕ ಇಟ್ಟಿದ್ದ ಜಾಗಕ್ಕೆ, ಅಡುಗೆಮನೆಯ ಬಾಗಿಲ ಪಕ್ಕಕ್ಕೆ ಹಾಕಿದೆ. ಹಾಕಿ ಹತ್ತಿದೆ. ಇಷ್ಟು ದಿನ ಕಾಯಿ ಹೊತ್ತು ಹತ್ತಿ ಇಳಿದಿದ್ದೆ, ಮೇಲೆ ಕೂತಿರಲಿಲ್ಲ. ಕೂತು ಕೆಳಗೆ ನೋಡಿದೆ. ಹೊಗೆ ಬರಲೆಂದು ಅಕ್ಕ ಹಲಗೆಗಳ ಮಧ್ಯೆ ಸಂದಿ ಬಿಟ್ಟಿದ್ದಳಲ್ಲ, ಆ ಸಂದಿಯಲ್ಲಿ ಅಡುಗೆಮನೆ ಪೂರ್ತಿ ಕಾಣುತ್ತಿತ್ತು. ಒಲೆ, ನೀರಿನ ಗಡಿಗೆ, ಈಳಿಗೆ ಮಣೆ ಇರುತ್ತಿದ್ದ ಮೂಲೆ. ಆ ಮೂಲೆಯಲ್ಲಿ ಕೂತವಳ ಮುಖ ಮೇಲಿದ್ದವಳಿಗೆ ಕಾಣದೆ ಇರುವುದಿಲ್ಲ.

ಆಗ ಕಣ್ಣ ಮುಂದೆ ಒಂದು ದೃಶ್ಯ ಬಂತು. ನೆನಪೋ, ಅಲ್ಲಿ ಕೂತದ್ದರಿಂದ ಹುಟ್ಟಿದ್ದೋ ನಾನು ಪ್ರಮಾಣ ಮಾಡಿ ಹೇಳಲಾರೆ. ಅತ್ತೆ ಅಡುಗೆಮನೆಗೆ ಬಂದು “ಎಲ್ಲೇ ನಿಮ್ಮಕ್ಕ?” ಎಂದು ಕೇಳುತ್ತಾರೆ. ನಾನು ಬಾಯಿ ಬಿಡುವುದಿಲ್ಲ. ಮೇಲೆ ಒಂದು ಕಾಯಿ ಹೊರಳಿ ಗಡಗಡ ಎನ್ನುತ್ತದೆ. ನನ್ನ ಕೈಯಲ್ಲಿ ಅರ್ಧ ತುರಿದ ಹೋಳು. ಅತ್ತೆ ನೋಡುತ್ತಿರುವುದು ಅಟ್ಟವನ್ನಲ್ಲ, ನನ್ನ ಕಣ್ಣುಗಳನ್ನು.

ಮರುದಿನ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುಂಚೆ ಅಕ್ಕನಿಗೆ ವಾಟ್ಸಾಪಿನಲ್ಲಿ ಒಂದು ಸಾಲು ಬರೆದೆ. ಅವಳು ಓದಿದ್ದಾಳೆ, ಗುರುತು ನೀಲಿಯಾಗಿದೆ. ಆಮೇಲೆ ಕರುವಿನ ಫೋಟೋ ಕಳಿಸಿದ್ದಾಳೆ, ಹಬ್ಬಕ್ಕೆ ಬಾ ಎಂದಿದ್ದಾಳೆ. ಕಳೆದ ವಾರ ಒಲೆ ಹಚ್ಚಲು ಹೋದಾಗ ಅದು ಆಗಲೇ ಉರಿಯುತ್ತಿತ್ತು. ಪಕ್ಕದಲ್ಲಿ ಸೌದೆ, ಅವಳು ಜೋಡಿಸುವ ಹಾಗೆ, ತುದಿ ಎಲ್ಲ ಒಂದೇ ಸಮ. ಅವಳು ಕಾಣಲಿಲ್ಲ. ಏಣಿ ಬಾಗಿಲ ಪಕ್ಕದಲ್ಲೇ ಇತ್ತು. ಅಟ್ಟದ ಮೇಲೆ ಹೊಸದಾಗಿ ಏಳು ಕಾಯಿ ಇದ್ದವು, ಕೊಳೆಯುತ್ತವೆಂದು ಗೊತ್ತಿದ್ದೂ ಅವಳು ಇಟ್ಟಂಥವು. ನಾನು ಬರೆದಿದ್ದ ಸಾಲಿಗೆ ಮಾತ್ರ ಉತ್ತರ ಬಂದಿಲ್ಲ. ಬರೆದದ್ದು ಇಷ್ಟೇ: “ಅಕ್ಕ, ಅವತ್ತು ಅತ್ತೆ ಕೇಳಿದಾಗ ನಾನು ಮೇಲೆ ನೋಡಿದ್ನಾ?”