ಓರ್ವಿಲ್‌ನ ಬೋಳು ಮುಂಗೈ
ವಿಸ್ಕಾನ್ಸಿನ್ನಿನ ನಮ್ಮೂರಲ್ಲಿ ಬಿಲ್ಲುಬಾಣ ಮಾರುವ ಓರ್ವಿಲ್‌ನ ಎಡಮುಂಗೈಯಲ್ಲಿ, ಜಿಂಕೆ ಬೇಟೆಯ ಕಾಲ ಮುಗಿಯುವಷ್ಟರಲ್ಲಿ ಒಂದು ಕೂದಲೂ ಉಳಿದಿರುವುದಿಲ್ಲ. ಬಾಣದ ಅಲಗು ಎಷ್ಟು ಹರಿತವೆಂದು ಗಿರಾಕಿಗೆ ತೋರಿಸಲು ಅಲ್ಲೇ ಹೆರೆದುಕೊಳ್ಳುತ್ತಾನೆ. "ಇವ್ನು ಗಂಡನೋ, ಪುಕ್ಕ ಕಿತ್ತ ಕೋಳಿನೋ?" ಎನ್ನುತ್ತಾಳೆ ಹೆಂಡತಿ ಅರ್ಲೀನ್. ಹೊಸಬರ ಕಣ್ಣು ಬೀಳುವುದು, ಜಿಂಕೆಯ ಮೈಗೆ ತಾಗಿದೊಡನೆ ಅರಳುವ ಅಗಲದ ಅಲಗಿನ ಮೇಲೆಯೇ. ಓರ್ವಿಲ್ ಅವರ ಕೈಗೆ ಬಿಲ್ಲು ಕೊಟ್ಟು ಎಳೆಸುತ್ತಾನೆ, ತೋಳು ನಡುಗುವುದನ್ನು ನೋಡುತ್ತಾನೆ. "ಈ ತೋಳಿಗೆ ಆ ಕೊಡೆಯಂಥ ಅಲಗು ಯಾಕಪ್ಪಾ? ಎಲುಬಿಗೆ ಸಿಕ್ಕಿ ನಿಂತ್ಬಿಡುತ್ತೆ. ಈ ಸಣ್ಣ ಗಟ್ಟಿ ಮೊನೆ ತಗೋ, ಆಚೆ ಹಾಯುತ್ತೆ." ತಂಗಿಯ ಅಳಿಯ ಡ್ವೇನ್ ಮಾತ್ರ ನಕ್ಕು, ಪಟ್ಟಣದಿಂದ ಅಗಲದ್ದನ್ನೇ ತಂದುಕೊಂಡ. ಒಂದು ಬೆಳಿಗ್ಗೆ ಓಡಿಬಂದ: "ಮಾವಾ, ಬಾಣ ತಗಲ್ತು, ಜಿಂಕೆ ಬೀಳ್ಲಿಲ್ಲ." ಓರ್ವಿಲ್ ಹಂಗಿಸಲಿಲ್ಲ; ಅಂಗಡಿಗೆ ಬೀಗ ಹಾಕಿ ಜೊತೆಗೆ ಹೊರಟ. ರಕ್ತದ ಜಾಡು ಹಿಡಿದು ಹೋದರೆ, ಹಳ್ಳದ ಪಕ್ಕದಲ್ಲಿ ಹೆಣ್ಣು ಜಿಂಕೆ ಕುಸಿದಿತ್ತು. ಭುಜದ ಎಲುಬಿನಲ್ಲಿ ಬಾಣ ಸಿಕ್ಕಿಕೊಂಡಿತ್ತು. "ನೀವೇ ಹೊಡೀರಿ ಮಾವಾ, ನನ್ನ ಕೈಲಾಗಲ್ಲ," ಎಂದು ಡ್ವೇನ್ ಅತ್ತ. ಓರ್ವಿಲ್ ಬಿಲ್ಲನ್ನು ಅವನ ಕೈಗೇ ಒತ್ತಿದ. "ಆಮೇಲೆ ಎಷ್ಟಾದ್ರೂ ಅಳು. ಮೊದ್ಲು ಮುಗ್ಸು, ಅದು ಇನ್ನೂ ಉಸಿರಾಡ್ತಾ ಇದೆ."