ಬೆನ್ನಿಗೆ ಕಟ್ಟಿದ ನೀಲಿ ಜೋಳಿಗೆ

ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ, ನನ್ನ ಗಂಡನಿಗೂ. ಕಟ್ಟುಕಥೆಯಾಗಿದ್ದರೆ ಇನ್ನಷ್ಟು ಚೆಂದ ಮಾಡಿ ಹೇಳುತ್ತಿದ್ದೆನೇನೋ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ಓದಿ ನಕ್ಕರೂ ಬೇಜಾರಿಲ್ಲ...

ಆಗ ನಾನು ನ್ಯೂ ಜರ್ಸಿಯ ಮಾನ್ಮತ್ ಜಂಕ್ಷನ್ನಿನ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಇದ್ದೆ. ವೀಸಾ ಸ್ಟಾಂಪಿಂಗ್‌ಗೆಂದು ಊರಿಗೆ ಹೋದ ನನ್ನ ಗಂಡ ಗಿರೀಶ್, ಪೇಪರ್ ಬರದೆ ಧಾರವಾಡದಲ್ಲೇ ಸಿಕ್ಕಿಹಾಕಿಕೊಂಡು ತಿಂಗಳುಗಳಾಗಿದ್ದವು. ವಾರವೆಲ್ಲ ಫಾರ್ಮಾ ಕಂಪನಿಯ ಲ್ಯಾಬಿನಲ್ಲಿ ಹೇಗೋ ಕಳೆಯುತ್ತಿತ್ತು. ಶನಿವಾರ ಬಂತೆಂದರೆ ಮನೆಯಲ್ಲಿ ಹೀಟರ್ ಸದ್ದು, ಫ್ರಿಜ್ ಸದ್ದು... ಅಷ್ಟೇ. ಅದನ್ನು ತಾಳಲಾರದೆ ಟ್ರೇನ್ ಹತ್ತಿ ಫ್ಲಶಿಂಗ್‌ನ ಗಣೇಶನ ಗುಡಿಗೆ ಹೋಗಿಬಿಡುತ್ತಿದ್ದೆ. ಕ್ಯಾಂಟೀನಿನಲ್ಲಿ ದೋಸೆ ತಿನ್ನುವಾಗ ಪಕ್ಕದ ಟೇಬಲ್‌ನಲ್ಲಿ ಯಾರಾದರೂ ಕನ್ನಡ ಮಾತಾಡುತ್ತಿದ್ದರೆ ನನ್ನ ತಟ್ಟೆ ಬೇಗ ಖಾಲಿಯಾಗುತ್ತಿರಲಿಲ್ಲ.

ಅದು ಜನವರಿ. ಗುಡಿಯಿಂದ ಸಬ್‌ವೇ ಕಡೆಗೆ ನಡೆಯುವಷ್ಟರಲ್ಲೇ ಕತ್ತಲಾಗಿತ್ತು. ಅಡ್ಡ ಬೀದಿಯೊಂದರಲ್ಲಿ, ಫೋನ್ ರಿಪೇರಿ ಅಂಗಡಿಯ ಮೇಲೆ, ಒಂದು ಸಣ್ಣ ಬೋರ್ಡು. ನೈಋತ್ಯ ಚೀನಾದ ಅಲ್ಪಸಂಖ್ಯಾತ ಜನಾಂಗಗಳ ಸಂಸ್ಕೃತಿ ಮ್ಯೂಸಿಯಂ, ಪ್ರವೇಶ ಉಚಿತ, ಎರಡನೇ ಮಹಡಿ. ಅಂಥದ್ದರಲ್ಲಿ ನನಗೇನೂ ಆಸಕ್ತಿ ಇರಲಿಲ್ಲ. ಮನೆಗೆ ಹೋಗುವುದು ಸ್ವಲ್ಪ ತಡವಾಗಲಿ ಎಂದು ಹತ್ತಿದೆ.

ಒಂದೇ ಉದ್ದನೆಯ ಕೋಣೆ. ಬೆಳ್ಳಿಯ ದೊಡ್ಡ ದೊಡ್ಡ ಕತ್ತಿನ ಬಳೆಗಳು, ಒಂದು ಮರದ ಮಗ್ಗ, ಬೆಟ್ಟದ ಊರುಗಳ ಫೋಟೋಗಳು. ಗೋಡೆಯ ತುಂಬ ಕಡುನೀಲಿ ಬಟ್ಟೆಗಳು, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದವು. ಹೊಗೆ, ಹಸಿ ಮೊಟ್ಟೆ, ಮತ್ತೆ ಏನೋ ಸೊಪ್ಪು ಕೊಳೆತ ವಾಸನೆ... ನೋಡಲು ಬಂದವಳು ನಾನೊಬ್ಬಳೇ.

ಸ್ಟೂಲಿನ ಮೇಲೆ ಕುಳಿತಿದ್ದ ಮುದುಕಿ ಎದ್ದು ಬಂದಳು. ಅಲ್ಲಿಯ ಮೇಲ್ವಿಚಾರಕಿ ಅವಳೇ. ಎದೆ ಮುಟ್ಟಿಕೊಂಡು "ಡಾಂಗ್" ಎಂದಳು. ಗೋಡೆಯ ಬಟ್ಟೆಗಳ ಕೆಳಗೂ ಅದೇ ಹೆಸರು ಬರೆದಿತ್ತು, ಅವಳು ಆ ಜನಾಂಗದವಳು. ಇಂಗ್ಲಿಷ್ ನಾಲ್ಕಾರು ಮಾತಷ್ಟೇ. ನನ್ನ ಮುಖ ನೋಡಲಿಲ್ಲ. ಎದೆಗೆ ಅವುಚಿಕೊಂಡಂತೆ ಕಟ್ಟಿದ್ದ ನನ್ನ ಕೈಗಳನ್ನೇ ನೋಡುತ್ತ ನಿಂತಳು.

ಆಮೇಲೆ ಗೋಡೆಯ ಮೇಲಿದ್ದ ಒಂದು ಜೋಳಿಗೆಯನ್ನು ಇಳಿಸಿ ತಂದಳು. ತಾಯಂದಿರು ಕೂಸನ್ನು ಬೆನ್ನಿಗೆ ಕಟ್ಟಿಕೊಳ್ಳುವಂಥದ್ದು, ಮೈತುಂಬ ಕಸೂತಿ. ಬೇಡ ಎನ್ನುವಷ್ಟರಲ್ಲಿ ನನ್ನ ಬೆನ್ನ ಮೇಲೆ ಹರಡಿ, ಪಟ್ಟಿಗಳನ್ನು ಎದೆಯ ಮುಂದೆ ಅಡ್ಡಡ್ಡ ಎಳೆದು ಗಂಟು ಹಾಕಿದಳು.

"ಗುಡ್?" ಎಂದಳು, ಪಿಸುದನಿಯಲ್ಲಿ.

ಬೆನ್ನು ಬೆಚ್ಚಗಾಯಿತು... ನಕ್ಕು, ಬಿಚ್ಚಲು ಹೇಳಿದೆ. ಬಿಚ್ಚಿ ಜೋಳಿಗೆಯನ್ನು ಗೋಡೆಗೆ ಹಾಕಿದಳು.

ಮೆಟ್ಟಿಲು ಇಳಿಯುವಾಗ ತಿಳಿಯಿತು. ಜೋಳಿಗೆ ಹೋಗಿತ್ತು, ಭಾರ ಹೋಗಿರಲಿಲ್ಲ.

ಕೋಟಿನ ಒಳಗೆ ಕೈ ಹಾಕಿ ನೋಡಿದೆ, ಏನೂ ಇಲ್ಲ. ಟ್ರೇನ್ ಹತ್ತುತ್ತಿದ್ದ ಹಾಗೆ ಒಬ್ಬ ಹುಡುಗ ದಡಬಡಿಸಿ ಎದ್ದು ಸೀಟು ಬಿಟ್ಟುಕೊಟ್ಟ. ನನಗಿಂತ ವಯಸ್ಸಾದವರು ಎಷ್ಟೋ ಜನ ನಿಂತಿದ್ದರು. ನಾನು ಸುಸ್ತಾದವಳ ಹಾಗೆ ಕಾಣುತ್ತಿರಬೇಕು ಎಂದುಕೊಂಡು ಕುಳಿತೆ. ಒರಗಲು ಮಾತ್ರ ಆಗಲಿಲ್ಲ.

ಎದುರಿಗೆ ತರಕಾರಿ ಚೀಲ ಹಿಡಿದ ಅಜ್ಜಿಯೊಬ್ಬಳು ಮುಖವನ್ನು ಅಂಗೈಯಲ್ಲಿ ಮುಚ್ಚಿ, ತೆರೆದು, ಕಣ್ಣರಳಿಸಿ ನಕ್ಕಳು. ಮತ್ತೆ ಮುಚ್ಚಿದಳು, ಮತ್ತೆ ತೆರೆದಳು. ನೋಟ ನನ್ನ ಭುಜದ ಮೇಲೆ.

ತಿರುಗಿ ನೋಡಿದೆ. ಕಿಟಕಿಯ ಗಾಜಿನಲ್ಲಿ ನನ್ನ ಮುಖ, ಅದರಾಚೆ ಕ್ವೀನ್ಸ್‌ನ ದೀಪಗಳು. ಬೇರೇನೂ ಇರಲಿಲ್ಲ...

ಒಂದು ವಿಷಯ ಇಲ್ಲಿ ಹೇಳಲೇಬೇಕು. ಅದರ ಹಿಂದಿನ ಬೇಸಿಗೆಯಲ್ಲಿ, ಎಂಟನೇ ತಿಂಗಳಲ್ಲಿ, ನನ್ನ ಕೂಸು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಗಂಡು. ಆಸ್ಪತ್ರೆಯಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಿದ್ದರು. ಎಷ್ಟು ಹೊತ್ತು ಬೇಕಾದರೂ ಇಟ್ಟುಕೊಳ್ಳಿ ಎಂದಿದ್ದಳು ನರ್ಸ್. ಗಿರೀಶ್ ಕಿಟಕಿಯ ಹತ್ತಿರ ನಿಂತಿದ್ದರು. ಆಮೇಲೆ ಯಾರು ಯಾವಾಗ ತೆಗೆದುಕೊಂಡರೋ ನನಗೆ ನೆನಪಿಲ್ಲ.

ಆ ಸಂಜೆ ಪೆನ್ ಸ್ಟೇಷನ್ನಿನ ಗದ್ದಲದಲ್ಲಿ ನಾನು ಯಾರಿಗೂ ತಾಗದ ಹಾಗೆ ನಡೆದೆ. ಜರ್ಸಿ ಟ್ರೇನಿನಲ್ಲಿ ಪಕ್ಕಕ್ಕೆ ವಾಲಿ ಕುಳಿತೆ. ಸ್ಟೇಷನ್ನಿನಿಂದ ಮನೆಯವರೆಗೆ ಸ್ಟೀರಿಂಗಿಗೆ ಬಾಗಿಕೊಂಡು ಡ್ರೈವ್ ಮಾಡಿದೆ. ಕತ್ತಿನ ಹಿಂದೆ ಬಿಸಿಯುಸಿರು... ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಕಾರಿನಲ್ಲಿ ಅದೇ ಹೊಗೆ, ಅದೇ ಹಸಿ ಮೊಟ್ಟೆಯ ವಾಸನೆ.

ಮನೆಗೆ ಬಂದಾಗ ಗಿರೀಶರ ಫೋನ್. ಅಲ್ಲಿ ಬೆಳಗಾಗಿತ್ತು.

"ಯಾಕ, ಇಷ್ಟ ಸಣ್ಣ ದನೀಲೆ ಮಾತಾಡ್ಲಿಕತ್ತಿ?"

ಪಿಸುಗುಡುತ್ತಿದ್ದೇನೆ ಎಂಬುದು ನನಗೇ ಗೊತ್ತಿರಲಿಲ್ಲ. "ಏನಿಲ್ಲರಿ... ಸುಮ್ನ."

"ಯಾರರೆ ಮಲಕೊಂಡಾರೇನ ಅಲ್ಲೆ?" ಎಂದು ನಕ್ಕರು.

"ನಾ ಒಬ್ಬಾಕೀನ ಇದ್ದೀನ್ರಿ."

"ಊಟಾ ಮಾಡು. ದೀಪಾ ಆರಿಸಿ ಕೂಡಬ್ಯಾಡ ಮತ್ತ."

ದೀಪ ಹಾಕಿರಲಿಲ್ಲ. ಹಾಕಲಿಲ್ಲ, ಎಚ್ಚರವಾದೀತು ಎಂದು. ಯಾರಿಗೆ ಎಚ್ಚರವಾದೀತು ಎಂದು ನನ್ನನ್ನು ನಾನೇ ಕೇಳಿಕೊಂಡೆ. ಆದರೂ ನಡುಮನೆಯಲ್ಲಿ ಅತ್ತಿಂದಿತ್ತ ತೂಗುತ್ತ ಓಡಾಡುತ್ತಲೇ ಇದ್ದೆ. ಹೆದರಿಕೆ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಎಷ್ಟೋ ತಿಂಗಳ ಮೇಲೆ ಆ ಮನೆಯಲ್ಲಿ ನನಗೆ ಹೀಟರ್ ಸದ್ದು ಕೇಳಿಸಲಿಲ್ಲ.

ಮಗ್ಗುಲಾಗಿ ಮಲಗಿ ನಿದ್ದೆ ಹೋದೆ. ಬೆಳಿಗ್ಗೆ ಬೆನ್ನು ಹಗುರ. ಸ್ವೆಟರಿನ ಭುಜದ ಮೇಲೆ ಮಾತ್ರ ಒಂದಿಷ್ಟು ಒದ್ದೆ. ಮೂಸಿ ನೋಡಿದೆ... ಹುಳಿ ಹಾಲು.

ವಸಂತದಲ್ಲಿ ಗಿರೀಶ್ ಬಂದರು. ನಾನು ಹೇಳಲಿಲ್ಲ, ಫ್ಲಶಿಂಗ್ ಕಡೆಗೂ ಹೋಗಲಿಲ್ಲ. ಮತ್ತೆ ಹೋದದ್ದು ಮುಂದಿನ ಚಳಿಗಾಲದಲ್ಲಿ. ಅವರು ಜ್ಯಾಕ್ಸನ್ ಹೈಟ್ಸ್‌ನ ಇಂಡಿಯನ್ ಅಂಗಡಿಗಳಲ್ಲಿ ಸಾಮಾನು ಕೊಳ್ಳುತ್ತಿದ್ದರು. ಗುಡಿಗೆ ಹೋಗಿ ಬರುತ್ತೇನೆಂದು ಹೇಳಿ, ನೇರ ಆ ಮೆಟ್ಟಿಲು ಹತ್ತಿದೆ.

ಅದೇ ಮುದುಕಿ. ನನ್ನನ್ನು ಕಂಡೊಡನೆ ಗುರುತು ಹಿಡಿದು, ನನ್ನ ಬೆನ್ನ ಕಡೆ ಇಣುಕಿದಳು.

"ಅವತ್ತು ಏನು ಕಟ್ಟಿದಿರಿ ನನಗೆ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ. "ನನಗೆ ಮಗುವಿಲ್ಲ. ನೋ ಬೇಬಿ."

ತಮಾಷೆ ಮಾಡುತ್ತಿದ್ದೇನೆ ಎಂಬಂತೆ ನಕ್ಕಳು. ತನ್ನ ಎರಡೂ ತೋಳುಗಳನ್ನು ಎದೆಗೆ ಅವುಚಿಕೊಂಡು, ಬಾಗಿಲಿನಿಂದ ಒಳಗೆ ನಡೆದು ತೋರಿಸಿದಳು.

"ಯೂ ಕಮ್. ಬೇಬಿ ಹಿಯರ್." ತೋಳನ್ನು ಒತ್ತಿಕೊಂಡು, ನೋವಾದವಳಂತೆ ಮುಖ ಮಾಡಿದಳು. "ಲಾಂಗ್ ಟೈಮ್. ಹ್ಯಾಂಡ್ ಟೈರ್ಡ್. ಸೋ..." ಎಂದು ಬೆನ್ನು ತಟ್ಟಿಕೊಂಡಳು.

ಆಸ್ಪತ್ರೆಯಿಂದ ಅವತ್ತಿನವರೆಗೂ... ಎತ್ತಿಕೊಂಡೇ ಓಡಾಡಿದ್ದೆನೇ? ಅವಳು ಕಂಡದ್ದು ಅದನ್ನೇ?

"ಈಗ?" ಎಂದೆ. ಕನ್ನಡದಲ್ಲಿ ಕೇಳಿದೆ ಎಂದು ಆಮೇಲೆ ಹೊಳೆಯಿತು.

ಅವಳ ಕಣ್ಣು ನನ್ನ ಬೆನ್ನಿನಿಂದ ಕೆಳಗಿಳಿದು, ನನ್ನ ಮೊಣಕಾಲಿನ ಪಕ್ಕಕ್ಕೆ ಬಂದು ನಿಂತಿತು. ಬಾಯಿತುಂಬ ನಕ್ಕಳು.

"ಬಿಗ್," ಎಂದಳು.

ನಾನು ಬಾಗಿಲ ಕಡೆ ಓಡಿದೆ. ಅವಳೇ ಮುಂದೆ ಬಂದು ಬಾಗಿಲು ತೆರೆದಳು. ನಾನು ಹೊರಬಂದು ಎರಡು ಮೆಟ್ಟಿಲು ಇಳಿದು ತಿರುಗಿ ನೋಡಿದಾಗಲೂ ಅವಳು ಬಾಗಿಲನ್ನು ಹಿಡಿದೇ ನಿಂತಿದ್ದಳು. ತಲೆ ಬಗ್ಗಿಸಿ ಹೊಸ್ತಿಲನ್ನೇ ನೋಡುತ್ತಿದ್ದಳು... ಇನ್ನೊಬ್ಬರು ನಿಧಾನವಾಗಿ ದಾಟುವಷ್ಟು ಹೊತ್ತು. ಆಮೇಲೆ ಮುಚ್ಚಿದಳು.

ಗಿರೀಶ್ ಈಗಲೂ ಬಯ್ಯುತ್ತಿರುತ್ತಾರೆ, "ಬಾಗಲಾ ಹಾಕಬಾರದೇನ? ಹೀಟೆಲ್ಲಾ ಹೊರಗ ಹೊಂಟದ."

ಹಾಕುತ್ತೇನೆ. ಸ್ವಲ್ಪ ತಡೆದು ಹಾಕುತ್ತೇನೆ.